ಸೈಕಲ್ ಇಳಿಯುವ ಜಾಗ

ಮಂಗಳೂರಿನಲ್ಲಿ ಸೈಕಲ್ ಇದ್ದವರಿಗೆಲ್ಲ
ಒಂದೊಂದು ಇಳಿಯುವ ಜಾಗ ಉಂಟು.
ಏರು ಶುರುವಾದ ಮೇಲೆ ಸ್ವಲ್ಪ ದೂರ
ಮಂಡಿಯ ಹತ್ತಿರ ಚೌಕಾಸಿ ನಡೆಯುತ್ತದೆ,
ಆಮೇಲೆ ಮಂಡಿಯೇ ತೀರ್ಪು ಕೊಡುತ್ತದೆ:
ಇಳಿ.

ನನ್ನದು ನಂದಿಗುಡ್ಡೆಯ ಏರಿನಲ್ಲಿ,
ಬಾಗಿಲು ಹಾಕಿದ ಹಂಚಿನ ಕಾರ್ಖಾನೆಯ ಗೋಡೆ ಮುಗಿದು
ಶೆಣೈಯವರ ಪೇಂಟ್ ಅಂಗಡಿ ಸಿಗುವ ಮೊದಲು.
ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಪಾಳಿ ಆರೂವರೆಗೆ.
ಬುತ್ತಿ ಹ್ಯಾಂಡಲಿಗೆ ತೂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ
ಅಲ್ಲಿಂದ ಮೇಲೆ ತಳ್ಳುತ್ತೇನೆ,
ಇಪ್ಪತ್ತೆರಡು ವರ್ಷವಾಯಿತು.
ಮೊದಮೊದಲು ನಾಚಿಕೆ.
ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತ
"ಅಕ್ಕಾ, ಬಚ್ಚಿಂಡಾ?" ಅಂತ ಕೇಳಿ ಹೋಗುತ್ತಿದ್ದ.
ಅವನಿಗೀಗ ಮೊಮ್ಮಗು.

ಕಳೆದ ತಿಂಗಳು ವಾರ್ಡಿನ ಸಭೆ, ಇಗರ್ಜಿ ಶಾಲೆಯ ಹಾಲಿನಲ್ಲಿ.
ಇಂಜಿನಿಯರು ಹೊಸಬರು, ಯಾದಗಿರಿ ಕಡೆಯವರು.
ಅವರ ಕಡೆ ಸೈಕಲ್ ಹತ್ತಿದರೆ
ಮುಂದಿನ ಊರಿನಲ್ಲೇ ಇಳಿಯುವುದಂತೆ.
ನಾಲ್ಕು ಬೆಂಚು ಕೂಡಿಸಿ ನಕ್ಷೆ ಹಾಸಿದರು.
ನಕ್ಷೆಯಲ್ಲಿ ಗುಡ್ಡವೇ ಇರಲಿಲ್ಲ.
ಎರಡೆರಡು ಲೇನು, ನಡುವೆ ಡಿವೈಡರು,
ಬದಿಗೆ ಉಗುರು ಕತ್ತರಿಸಿ ಬಿಸಾಡಿದ ಹಾಗೆ ಒಂದು ಹಸಿರು ಗೆರೆ.
"ಇದು ಸೈಕಲ್ಲಿಗೆ."

ಹಮ್ಮಬ್ಬ ಎದ್ದ, ದಕ್ಕೆಯಿಂದ ಬಂಗುಡೆ ತರುವವ,
ಪೆಟ್ಟಿಗೆಯ ಐಸು ಕೈಯಲ್ಲಿ ಇನ್ನೂ ಆರಿರಲಿಲ್ಲ.
"ಅದು ಸರಿ ಸಾರ್. ಇದರಲ್ಲಿ ನಾನು ಇಳಿಯುವುದು ಎಲ್ಲಿ?"
ಅರ್ಥವಾಗದೆ ಇಂಜಿನಿಯರು ನಮ್ಮ ಮುಖ ನೋಡಿದರು.
ಹಮ್ಮಬ್ಬ ಬೆರಳು ಊರಿದ. "ಇಲ್ಲಿ."
ನಕ್ಷೆಯಲ್ಲಿ ಒಂದು ಒದ್ದೆ ಚುಕ್ಕೆ,
ಸರಕಾರಿ ಕಾಗದಕ್ಕೆ ಮೀನಿನ ವಾಸನೆ.

ಆಮೇಲೆ ತಡೆಯುವವರಿಲ್ಲ.
ಸೆವ್ರಿನ್ ಮಾಸ್ತರರು ಮೂರು ಚುಕ್ಕೆ ಇಟ್ಟರು:
ಮದುವೆಯಾದ ವರ್ಷದ್ದು, ಪೆನ್ಶನ್ ಆದ ವರ್ಷದ್ದು,
ಮೂರನೆಯದು ಅವರ ಮನೆಯ ಗೇಟಿನಲ್ಲೇ.
ಬೀಡಿ ಕಟ್ಟುವ ಗುಲಾಬಿ ಪೆನ್ನು ಹಿಡಿದು ನಿಂತಳು:
"ನನಗೆ ಸೈಕಲ್ ಇಲ್ಲ.
ತಲೆಯ ಚೀಲ ಇಳಿಸುವ ಜಾಗ ಉಂಟು. ಅದು ಹಾಕಬಹುದಾ?"
"ಹಾಕಿ" ಅಂದರು ಇಂಜಿನಿಯರು, ಸ್ವಲ್ಪ ಮೆತ್ತಗೆ.

ಏಳನೇ ಕ್ಲಾಸಿನ ಶಮ್ನಾ ಮಾತ್ರ
"ನಾನು ಇಳಿಯುವುದೇ ಇಲ್ಲ!" ಅಂದಳು.
ಹಾಲಿಗೆ ಹಾಲೇ ನಕ್ಕಿತು.
ನಗು ಮುಗಿಯುವವರೆಗೆ ಕಾದು ಹೇಳಿದಳು:
"ಆ ತಿರುವಿನಲ್ಲಿ ಇಳಿಯುತ್ತೇನೆ. ಅಲ್ಲಿ ಏರು ಇಲ್ಲ.
ಬಸ್ಸು ಉಂಟು."
ಯಾರೂ ಚುಕ್ಕೆ ಇಡಲಿಲ್ಲ ಅದಕ್ಕೆ.
ಅವಳೇ ಇಟ್ಟಳು, ಪೆನ್ನು ಕಾಗದ ತೂತು ಮಾಡುವಷ್ಟು ಒತ್ತಿ.

ಜಗಳವೂ ಆಯಿತು, ಆಗದೆ ಇರುತ್ತದಾ?
"ನನ್ನ ಗಿರಾಕಿಗಳು ಕಾರು ಎಲ್ಲಿ ತಲೆ ಮೇಲೆ ಇಡುವುದಾ?"
ಶೆಣೈಯವರು ಚಾ ಕುಡಿಯದೆ ಹೋದರು.
ಅವರು ಹೇಳಿದ್ದೂ ಪೂರಾ ಸುಳ್ಳಲ್ಲ,
ಅವರ ಅಂಗಡಿಯ ನೆರಳಿನಲ್ಲೇ ಅಲ್ಲವಾ ನಾನು ಉಸಿರು ಬಿಡುವುದು.
ನಕ್ಷೆ ಸುರುಳಿಯಾಯಿತು. ಮುಂದಿನ ಸಭೆ ಯಾವಾಗ?
ನೋಟೀಸು ಬರುತ್ತದೆ ಅಂದರು.
ಬರಲಿಲ್ಲ.

ಇವತ್ತು ಬೆಳಿಗ್ಗೆ, ಆರಕ್ಕೆ ಹತ್ತು ನಿಮಿಷ,
ಕಾರ್ಖಾನೆಯ ಗೋಡೆಯ ಅರ್ಧದಲ್ಲಿ
ಯಾರೋ ಸೈಕಲ್ ಇಳಿದು ಬಗ್ಗಿ ನಿಂತಿದ್ದರು,
ಬಾಡಿಗೆ ಸೈಕಲ್, ಚೈನಿನ ಗ್ರೀಸು ಪ್ಯಾಂಟಿಗೆ ಹತ್ತಿ.
ನಾನು ದಾಟುವಾಗ ತಲೆ ಎತ್ತಿದರು.
ಇಂಜಿನಿಯರು.
ಮಾತಿಗೆ ಉಸಿರು ಸಾಲದೆ
ಮೊದಲು ಕೈಯಿಂದ ನೆಲ ತೋರಿಸಿದರು, ಆಮೇಲೆ:
"ನಂದು ಇಲ್ಲೇ ಬಂತ್ ನೋಡ್ರೀ."
ನನ್ನದಕ್ಕಿಂತ ಎರಡು ಕಂಬ ಕೆಳಗೆ.

ನಾನೂ ಇಳಿದೆ, ನನ್ನ ಜಾಗ ಬರುವ ಮೊದಲೇ.
ಇಬ್ಬರೂ ತಳ್ಳಿದೆವು, ಮಾತಿಲ್ಲದೆ, ಬುತ್ತಿ ಟಣಗುಟ್ಟುತ್ತ.
ಅವರ ಬ್ಯಾಗಿನಿಂದ ನಕ್ಷೆಯ ಸುರುಳಿ ಹಣಕುತ್ತಿತ್ತು;
ಅದರ ಪ್ರಕಾರ ನಾವಿನ್ನೂ ಸಮತಟ್ಟಿನಲ್ಲೇ ಇದ್ದೆವು.